ಗೇಟು ಕಿತ್ತು ಉಣುಗೋಲು ಹಾಕಿದ್ದು

ನನ್ನದು ಚಿಕ್ಕಮಗಳೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ತೋಟಗಳ ಪಂಪ್‌ಸೆಟ್, ಪಲ್ಪರ್ ಮೋಟಾರ್ ಸುಟ್ಟರೆ ನನ್ನ ಹತ್ತಿರ ಬರುತ್ತವೆ. ಹೋದ ಮಳೆಗಾಲದಲ್ಲಿ ಕೆಲಸ ಕಮ್ಮಿ ಇತ್ತು. ಹಳೇ ಟ್ರಾನ್ಸ್‌ಫಾರ್ಮರಿನ ಸ್ಟಾಂಪಿಂಗ್ ಪಟ್ಟಿಗಳನ್ನು, ಅಂದರೆ ಒಳಗಿನ ತೆಳು ಉಕ್ಕಿನ ಹಾಳೆಗಳನ್ನು, ಉದ್ದಕ್ಕೆ ಜೋಡಿಸಿ, ಮೇಲೆ 36ನೇ ಗೇಜಿನ ತಂತಿ 30,000 ಸುತ್ತು ಸುತ್ತಿದೆ. ಭೂಮಿಯ ಅಯಸ್ಕಾಂತ ಬಲ ಮಿಡಿಯುವುದನ್ನು ಹಿಡಿಯಬೇಕಿತ್ತು.

ಮಿಡಿತ ಅಂದರೆ ತೀರಾ ಸಣ್ಣದು. ಕಾಂತಬಲವನ್ನು ನ್ಯಾನೋಟೆಸ್ಲಾದಲ್ಲಿ ಅಳೆಯುತ್ತಾರೆ; ನಮ್ಮ ಕಡೆ ಭೂಮಿಯ ಬಲ ಸುಮಾರು 40,000 ನ್ಯಾನೋಟೆಸ್ಲಾ. ಅದರ ಮೇಲೆ ಹಗಲು ಹೊತ್ತು ಬರುವ ಅಲೆ ಒಂದು ನ್ಯಾನೋಟೆಸ್ಲಾದ ಆಸುಪಾಸು, ಕೆಲವೊಮ್ಮೆ ಅದೂ ಇಲ್ಲ. 10ರಿಂದ 45 ಸೆಕೆಂಡಿಗೊಮ್ಮೆ ಏರಿ ಇಳಿದರೆ ಅದನ್ನು ಪಿಸಿ3 ಅನ್ನುತ್ತಾರೆ. ನನ್ನ ಕಾಯಿಲಿನಲ್ಲಿ ಅದು ಹುಟ್ಟಿಸುವ ವೋಲ್ಟೇಜು ಒಂದು ಮೈಕ್ರೋವೋಲ್ಟಿಗೂ ಕಮ್ಮಿ.

ಈ ಅಲೆ ಹುಟ್ಟುವ ಜಾಗ ಭೂಮಿಯಿಂದ 90,000 ಕಿಲೋಮೀಟರಿನಷ್ಟು ಆಚೆ. ಸೂರ್ಯನ ಗಾಳಿ, ಅಂದರೆ ಸೂರ್ಯನಿಂದ ಹರಿದು ಬರುವ ಕಣಗಳು, ಭೂಮಿಯ ಕಾಂತಬೇಲಿಯ ಮುಂದೆ ಬಂದು ತಡೆ ಸಿಕ್ಕಿ ನಿಧಾನವಾಗುತ್ತದೆ. ಕೆಲವು ಕಣಗಳು ಅಲ್ಲಿಂದ ವಾಪಸ್ಸು ಚಿಮ್ಮಿ, ಎದುರು ಬರುವ ಗಾಳಿಯನ್ನೇ ಕಲಕುತ್ತವೆ. ಆ ಕಲಕು ಒಳಗೆ ನುಗ್ಗಿ ನಮ್ಮ ಕಾಫಿ ಗಿಡದ ಬುಡದ ತನಕ ಬರುತ್ತದೆ.

ಕಾಯಿಲನ್ನು ಪಿವಿಸಿ ಪೈಪಿನೊಳಗೆ ತೂರಿಸಿ, ಉತ್ತರ ದಕ್ಷಿಣವಾಗಿ ಮಲಗಿಸಿ, ಮೂರಡಿ ಆಳಕ್ಕೆ ಹೂತೆ. ಗಾಳಿಗೆ ಕೂದಲೆಳೆಯಷ್ಟು ಅಲುಗಿದರೂ ಸುಳ್ಳು ಅಲೆ ಬರುತ್ತದೆ. ಅಪ್ಪ ನೋಡಿ, ‘ಏನೋ ಇದು, ಹೆಣ ಹೂತ ಹಾಗೆ’ ಅಂದರು.

ಹದಿನೈದು ದಿನ ಬರೀ ಕಸ ಬಂತು. ಬೆಳಿಗ್ಗೆ ಆರರ ಸುಮಾರಿಗೆ ಮಾತ್ರ ಅಳತೆಯ ಗೆರೆಯಲ್ಲಿ ಒಂದು ದೊಡ್ಡ ಗುಡ್ಡ, ದಿನಾ. ಸೂರ್ಯ ಹುಟ್ಟುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂದುಕೊಂಡು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೂ ಇಟ್ಟೆ! ಆಮೇಲೆ ಗೊತ್ತಾಯಿತು, ಅದು ಅಪ್ಪ ಹಾಲು ತರೋಕೆ ಕಬ್ಬಿಣದ ಗೇಟು ತೆಗೆಯುವ ಹೊತ್ತು.

ಇದು ನನ್ನೊಬ್ಬನ ಪಾಡಲ್ಲ ಬಿಡಿ. ಬೊಂಬಾಯಿಗೆ ಕರೆಂಟಿನ ಟ್ರಾಮ್ ಬರುತ್ತದೆ, ಅದು ಅಳತೆ ಕೆಡಿಸುತ್ತದೆ ಅಂತಾದಾಗ, ಕೊಲಾಬಾದ ಕಾಂತ ವೀಕ್ಷಣಾಲಯದ ಕೆಲಸವನ್ನೇ 1904ರಲ್ಲಿ ಅಲಿಬಾಗಿಗೆ ಸಾಗಿಸಿದ್ದರು. ಅಲ್ಲಿನ ಕಟ್ಟಡಕ್ಕೆ ಕಬ್ಬಿಣವನ್ನೇ ಬಳಸಲಿಲ್ಲ. ಸರ್ಕಾರ ಅಷ್ಟು ಮಾಡಿರುವಾಗ ನಾನು ಒಂದು ಗೇಟು ಕಿತ್ತರೆ ಏನಂತೆ?

ಗೇಟು ಹೋಯಿತು, ಬಿದಿರಿನ ಉಣುಗೋಲು ಬಂತು. ಮೂರನೇ ದಿನ ಹತ್ತೂವರೆಗೆ ಗೆರೆ ನಿಧಾನಕ್ಕೆ ಏರಿತು, ಇಳಿಯಿತು. ವಾಚ್ ಹಿಡಿದು ಎಣಿಸಿದೆ. 26 ಸೆಕೆಂಡು. ಮತ್ತೆ 27. ಮತ್ತೆ 26. ಇಪ್ಪತ್ತು ನಿಮಿಷ ಹಾಗೇ ನಡೆದು, ಸುಮ್ಮನಾಯಿತು. ಅಷ್ಟರಲ್ಲಿ ಅಂಗಡಿಯಿಂದ ಐದು ಮಿಸ್ ಕಾಲ್.

ಬಂದ ನೆಂಟರಿಗೆಲ್ಲ ಅಪ್ಪ ಈಗ ಒಂದೇ ಮಾತು ಹೇಳುತ್ತಾರೆ: ‘ಕೋಲು ಸರಿಸಿ ಒಳಗೆ ಬನ್ನಿ. ಗೇಟು ಇತ್ತು, ಇವನು ಸೂರ್ಯನಿಗೆ ಅಡ್ಡ ಆಗುತ್ತೆ ಅಂತ ಕಿತ್ತುಹಾಕಿದ.’