ಚಾರ್ಜ್ ಆಗೋಕೆ ಎಷ್ಟು ಹೊತ್ತು ಬೇಕು?

ಎಲೆಕ್ಟ್ರಿಕ್ ಕಾರು ಕೊಂಡ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಕೇಳುತ್ತಾರೆ. ಪಾರ್ಕಿಂಗಿನಲ್ಲಿ ಪಕ್ಕದ ಕಾರಿನವರು ಕೇಳುತ್ತಾರೆ. ಹೆಂಡತಿಯ ತಮ್ಮನಂತೂ ಸಿಕ್ಕಾಗಲೆಲ್ಲ ಕೇಳುತ್ತಿದ್ದ. "ಮನೇಲಿ ರಾತ್ರಿ ಹಾಕಿಟ್ರೆ ಬೆಳಿಗ್ಗೆಗೆ ಆಗಿರುತ್ತೆ, ಅದು ಗೊತ್ತು ಭಾವ. ದೂರ ಹೋದಾಗ ದಾರೀಲಿ ಎಷ್ಟು ಹೊತ್ತು ಕಾಯ್ಬೇಕು ಹೇಳಿ."

ಅರ್ಧ ಗಂಟೆಯಿಂದ ಒಂದು ಗಂಟೆ ಅನ್ನುತ್ತೇನೆ. ಕೆಲವರು "ಅಷ್ಟೇನಾ?" ಅಂತಾರೆ, ಕೆಲವರು "ಅಯ್ಯೋ, ಅಷ್ಟೊತ್ತಾ?" ಅಂತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಆಮೇಲೆ ನನಗೇ ಏನೋ ಬಾಕಿ ಉಳಿಸಿಕೊಂಡ ಹಾಗೆ ಅನಿಸುತ್ತದೆ. ಯಾಕೆಂದರೆ ಕರೆಂಟ್ ಹರಿಯಲು ಶುರುವಾದ ಮೇಲಿನ ಹೊತ್ತು ನನಗೆ ಯಾವತ್ತೂ ತಲೆಬಿಸಿ ಮಾಡಿಲ್ಲ. ಅದು ಶುರುವಾಗುವುದಕ್ಕೆ ಮುಂಚಿನ ಹೊತ್ತು ಇದೆಯಲ್ಲ, ತಲೆಬಿಸಿ ಎಲ್ಲಾ ಅದರದ್ದು.

ಮೊದಲು ಸುಲಭದ ಲೆಕ್ಕ ಮುಗಿಸಿಬಿಡೋಣ. 60 ಯೂನಿಟ್ ಹಿಡಿಯುವ ಬ್ಯಾಟರಿ ಅಂದುಕೊಳ್ಳಿ. ಅದನ್ನು 10%ನಿಂದ 80%ಗೆ ತರಲು 42 ಯೂನಿಟ್ ಬೇಕು. 50 ಕಿಲೊವ್ಯಾಟ್ ಮೆಷಿನ್ (ಅಂದರೆ ಗಂಟೆಗೆ 50 ಯೂನಿಟ್ ಕೊಡುವಂಥದ್ದು) ಆದರೆ ಹೆಚ್ಚುಕಮ್ಮಿ ಒಂದು ಗಂಟೆ. ಇನ್ನೂ ದೊಡ್ಡ ಮೆಷಿನ್ ಸಿಕ್ಕಿ, ಸರಾಸರಿ 80 ಕಿಲೊವ್ಯಾಟ್ ಹರಿದರೆ ಅರ್ಧ ಗಂಟೆ ಚಿಲ್ಲರೆ. 100%ವರೆಗೆ ಯಾಕಿಲ್ಲ? ಬಿಂದಿಗೆಯ ಕತ್ತಿನ ತನಕ ನೀರು ಬಂದಾಗ ನಲ್ಲಿ ಸಣ್ಣ ಮಾಡುತ್ತೇವಲ್ಲ, ಹಾಗೆ. ಸೆಲ್‌ನ ವೋಲ್ಟೇಜ್ ಮಿತಿಯ ಹತ್ತಿರ ಬರುತ್ತಿದ್ದಂತೆ ಕಾರು ಕರೆಂಟ್ ಕಡಿಮೆ ಕೇಳುತ್ತದೆ. ಎಷ್ಟೋ ಕಾರುಗಳಲ್ಲಿ ಕೊನೆಯ 20%ಗೆ ಹಿಡಿಯುವ ಹೊತ್ತು ಮೊದಲ 70%ಗೆ ಹಿಡಿದಷ್ಟೇ ಇರುತ್ತದೆ.

ಜಪಾನಿನ ಕಂಪನಿಗಳು 2010ರಲ್ಲಿ ಒಟ್ಟು ಸೇರಿ ಒಂದು ಫಾಸ್ಟ್ ಚಾರ್ಜಿಂಗ್ ಪದ್ಧತಿಯನ್ನು ಮುಂದಿಟ್ಟವು. ಅದರ ಹೆಸರು ಚಾಡೆಮೊ. ಅವರ ಭಾಷೆಯಲ್ಲಿ ಈ ಹೆಸರು 'ಚಹಾ ಕುಡಿಯೋಣವೇ' ಎನ್ನುವ ಮಾತನ್ನು ನೆನಪಿಸುತ್ತದಂತೆ. ಕಾರು ತುಂಬುವಷ್ಟರಲ್ಲಿ ಒಂದು ಲೋಟ ಚಹಾ ಅಂತ ಲೆಕ್ಕ. ನನ್ನ ಅನುಭವದಲ್ಲಿ ಎರಡು ಲೋಟ.

ಇನ್ನು ಮೆಷಿನ್ ಮೇಲೆ ಬರೆದ ಅಂಕಿ. ಅದನ್ನು ನಂಬಿ ಮೊದಮೊದಲು ನಾನೂ ಮೋಸ ಹೋಗಿದ್ದೇನೆ. 120 ಕಿಲೊವ್ಯಾಟ್ ಅಂತ ಬರೆದಿದ್ದರೆ ಅದು ಮೆಷಿನ್ನಿನ ತಾಕತ್ತು. ಎಷ್ಟು ಬೇಕು ಅಂತ ಕೇಳುವುದು ಕಾರು, ಮೆಷಿನ್ ಕೊಡುತ್ತದೆ ಅಷ್ಟೇ. ಕಾರಿನ ಮಿತಿ 70 ಇದ್ದರೆ 350ರ ಮೆಷಿನ್ನಿಗೆ ಹಾಕಿದರೂ 70ಕ್ಕಿಂತ ಮೇಲೆ ಏರುವುದಿಲ್ಲ. ಕೇಬಲ್ ಕೂಡ ಲೆಕ್ಕಕ್ಕೆ ಬರುತ್ತದೆ. 200 ಆಂಪಿಯರ್ ಒಯ್ಯುವ ಕೇಬಲ್ಲಿನಲ್ಲಿ 400 ವೋಲ್ಟಿನ ಕಾರಿಗೆ ಸಿಗುವುದು 80 ಕಿಲೊವ್ಯಾಟ್ ಮಾತ್ರ. 800 ವೋಲ್ಟಿನ ಕಾರುಗಳ ಹೆಚ್ಚುಗಾರಿಕೆ ಇದೇ. ಅದೇ ದಪ್ಪದ ತಂತಿಯಲ್ಲಿ ಅವು ಎರಡರಷ್ಟು ಎಳೆದುಕೊಳ್ಳುತ್ತವೆ. ಆದರೆ 500 ವೋಲ್ಟಿಗೆ ನಿಲ್ಲುವ ಹಳೆಯ ಮೆಷಿನ್ನಿನ ಮುಂದೆ ಆ ಕಾರುಗಳೂ, ಒಳಗೆ ಬೇರೆ ವ್ಯವಸ್ಥೆ ಇಲ್ಲದಿದ್ದರೆ, ಸುಮ್ನೆ ನಿಲ್ಲಬೇಕಾಗುತ್ತದೆ. ಇನ್ನು ಎರಡು ಗನ್ (ಕೇಬಲ್ಲಿನ ತುದಿಯಲ್ಲಿ ಕಾರಿಗೆ ಸಿಕ್ಕಿಸುವ ಹಿಡಿಕೆ) ಇರುವ ಮೆಷಿನ್ನುಗಳು ಹಂಚಿಕೊಂಡು ತಿನ್ನುವ ಜಾತಿ. ಒಮ್ಮೆ ನಾನು 58ರಲ್ಲಿ ಹಾಯಾಗಿ ಚಾರ್ಜ್ ಮಾಡುತ್ತಾ ಕೂತಿದ್ದೆ. ಪಕ್ಕಕ್ಕೆ ಒಬ್ಬರು ಬಂದು ಇನ್ನೊಂದು ಗನ್ ಸಿಕ್ಕಿಸಿದರು. ನನ್ನದು 29ಕ್ಕೆ ಇಳಿಯಿತು. ಅವರು ನಕ್ಕರು, ನಾನೂ ನಕ್ಕೆ. ಒಳಗೊಳಗೇ ಬೈದುಕೊಂಡೆ.

ಚಳಿಯ ಕಥೆ ಬೇರೆ. ತಣ್ಣಗಿರುವ ಸೆಲ್‌ಗೆ ಜೋರಾಗಿ ಕರೆಂಟ್ ನುಗ್ಗಿಸಿದರೆ ಲಿಥಿಯಂ ಸೆಲ್ಲಿನಲ್ಲಿರುವ ಗ್ರಾಫೈಟ್ ಪದರದ ಒಳಗೆ ಸೇರಿಕೊಳ್ಳುವ ಬದಲು ಅದರ ಮೇಲೆ ಲೋಹವಾಗಿ ಕೂರುತ್ತದೆ. ಅದು ಬ್ಯಾಟರಿಗೆ ಒಳ್ಳೆಯದಲ್ಲ. ಅದಕ್ಕೇ ಕಾರು ಕೈ ಬಿಗಿ ಹಿಡಿಯುತ್ತದೆ. ಕಾರಿನ ಮ್ಯಾಪಿನಲ್ಲಿ ಚಾರ್ಜರನ್ನೇ ಗುರಿ ಅಂತ ಹಾಕಿದರೆ ಕೆಲವು ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ.

ಇಷ್ಟೆಲ್ಲಾ ಒಂದೆರಡು ಸಲ ಹೋಗಿ ಬಂದರೆ ಅಭ್ಯಾಸವಾಗುತ್ತದೆ. ಅಭ್ಯಾಸವಾಗದೇ ಉಳಿದಿರುವುದು ಶುರುವಾತಿನ ಗೋಳು.

ಒಂದು ರಾತ್ರಿ, ಸಣ್ಣ ಮಳೆ. ಬ್ಯಾಟರಿ 14%. ಆ್ಯಪ್‌ನಲ್ಲಿ ಎರಡು ಮೆಷಿನ್, ಎರಡೂ ಹಸಿರು. ಹೋಗಿ ನೋಡಿದರೆ ಒಂದರ ಸ್ಕ್ರೀನ್ ಕಪ್ಪು. ಇನ್ನೊಂದರ ಗನ್ ತೆಗೆದೆ. ಮಳೆಗೆ ಒದ್ದೆಯಾದ ಕೇಬಲ್ ಹೆಬ್ಬಾವಿನಂತೆ ಭಾರ. ಪೋರ್ಟಿಗೆ ಒತ್ತಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಹಣ ಕಟ್ಟಿದೆ. ಆ್ಯಪ್ 'ಚಾರ್ಜಿಂಗ್ ಶುರುವಾಗುತ್ತಿದೆ' ಅಂತು. ಮೆಷಿನ್ 'ಕಾರನ್ನು ಜೋಡಿಸಿ' ಅಂತು. ಜೋಡಿಸಿಯೇ ಇದೆ ಮಾರಾಯ! ತೆಗೆದು ಮತ್ತೆ ಹಾಕಿದೆ. ಈ ಸಲ ಮೆಷಿನ್ ಎರಡು ನಿಮಿಷ ಯೋಚನೆ ಮಾಡಿ ಕೆಂಪು ದೀಪ ತೋರಿಸಿತು. ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಸಂಗೀತ. ಕೊನೆಗೆ ಒಬ್ಬ ಹುಡುಗಿ ಎತ್ತಿಕೊಂಡು, "ಸರ್, ಇಲ್ಲಿಂದಲೇ ರೀಬೂಟ್ ಮಾಡ್ತೀನಿ, ಐದು ನಿಮಿಷ ಬಿಟ್ಟು ನೋಡಿ" ಅಂದಳು. ಬಿಟ್ಟು ನೋಡಿದೆ. ಮತ್ತೆ ಕೆಂಪು.

ಅಷ್ಟರಲ್ಲಿ ಹಿಂದೆ ಒಂದು ಟ್ಯಾಕ್ಸಿ ಬಂದು ನಿಂತಿತ್ತು. ಅದರ ಡ್ರೈವರ್ ಇಳಿದು ಬಂದು ಒಂದು ಕ್ಷಣ ನೋಡಿದರು. "ಗನ್ ಕೆಳಗೆ ಜೋತುಬಿದ್ದಿದೆ ಸಾರ್. ಎತ್ತಿ ಹಿಡ್ಕೊಂಡು ಶುರು ಮಾಡಿ." ಅವರೇ ಮೊಣಕಾಲನ್ನು ಕೇಬಲ್ಲಿನ ಕೆಳಗೆ ಕೊಟ್ಟು, ಎರಡೂ ಕೈಯಲ್ಲಿ ಗನ್ ಎತ್ತಿ ಒಳಕ್ಕೆ ಒತ್ತಿ ಹಿಡಿದರು. ನಾನು ಮತ್ತೆ ಸ್ಕ್ಯಾನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಕಾರಿನ ಹೊಟ್ಟೆಯೊಳಗಿಂದ ಒಂದು ಸದ್ದು: ಟಕ್. ಆಮೇಲೆ ಮೆಷಿನ್ನಿನ ಫ್ಯಾನು ಗುಂಯ್ ಅಂತ ಎದ್ದಿತು.

ಅವತ್ತು ಚಾರ್ಜ್ ಆಗಲು ಹಿಡಿದದ್ದು 34 ನಿಮಿಷ. ಶುರುವಾಗಲು ಹಿಡಿದದ್ದು 47.

ಆ 'ಟಕ್' ಏನು ಅಂತ ಆಮೇಲೆ ಕೂತು ತಿಳಿದುಕೊಂಡೆ. ಗನ್ ಸಿಕ್ಕಿಸಿದ ಕೂಡಲೇ ಕರೆಂಟ್ ಹರಿಯುವುದಿಲ್ಲ. ಮೊದಲು ಕಾರು ಮತ್ತು ಮೆಷಿನ್ ಒಂದು ಸಣ್ಣ ಪಿನ್ನಿನ ಮೂಲಕ ಮಾತಾಡಿಕೊಳ್ಳುತ್ತವೆ. ನೀನು ಯಾರು, ನಿನ್ನ ವೋಲ್ಟೇಜ್ ಎಷ್ಟು, ನನಗೆ ಎಷ್ಟು ಬೇಕು. ಕಾರು ಗನ್ನನ್ನು ಲಾಕ್ ಮಾಡುತ್ತದೆ. ಮೆಷಿನ್ ಕೇಬಲ್ಲಿಗೆ ವೋಲ್ಟೇಜ್ ಕೊಟ್ಟು ಎಲ್ಲಾದರೂ ಸೋರುತ್ತಿದೆಯಾ ನೋಡುತ್ತದೆ. (ಮಳೆಯಲ್ಲಿ ಹಾಕಿದರೆ ಶಾಕ್ ಹೊಡೆಯಲ್ವಾ ಅಂತ ಕೇಳುವವರಿಗೂ ಇದೇ ಉತ್ತರ. ಈ ಪರೀಕ್ಷೆ ಪಾಸಾಗದೆ ಮುಂದಿನ ಹೆಜ್ಜೆಯೇ ಇಲ್ಲ.) ಆಮೇಲೆ ತನ್ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ತಂದುಕೊಳ್ಳುತ್ತದೆ. ಆಗ ಕಾರಿನೊಳಗಿನ ದೊಡ್ಡ ಸ್ವಿಚ್ಚುಗಳು ಮುಚ್ಚುತ್ತವೆ. ಕಾಂಟ್ಯಾಕ್ಟರ್ ಅಂತಾರೆ ಅವಕ್ಕೆ. ಆ ಸದ್ದೇ ಟಕ್. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಎರಡೂ ಕಡೆಯವರು ಹಿಂದೆ ಸರಿಯುತ್ತಾರೆ. ಗನ್ ಜೋತುಬಿದ್ದು ಪಿನ್ ಸರಿಯಾಗಿ ಕೂರದಿದ್ದರೆ ಲಾಕ್ ಬೀಳುವುದಿಲ್ಲ. ಅವತ್ತು ಆದದ್ದು ಅಷ್ಟೇ. ಅಷ್ಟನ್ನು ಹೇಳುವ ಬದಲು ಮೆಷಿನ್ ಒಂದು ಎರರ್ ನಂಬರ್ ತೋರಿಸಿತ್ತು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಇದು ನನ್ನೊಬ್ಬನ ದುರದೃಷ್ಟ ಅಂದುಕೊಂಡಿದ್ದೆ. ಹಾಗಲ್ಲ. 2022ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ರೆಂಪೆಲ್ ಮತ್ತು ಜೊತೆಯವರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಸಾರ್ವಜನಿಕ ಫಾಸ್ಟ್ ಚಾರ್ಜರ್‌ಗಳನ್ನು ಖುದ್ದಾಗಿ ಹೋಗಿ ಪರೀಕ್ಷಿಸಿದರು. 657 ಗನ್ನುಗಳಲ್ಲಿ ಕೆಲಸ ಮಾಡುತ್ತಿದ್ದದ್ದು 72.5%. ಉಳಿದವುಗಳಲ್ಲಿ ಕೆಲವಕ್ಕೆ ಸ್ಕ್ರೀನ್ ಸತ್ತಿತ್ತು, ಕೆಲವು ಹಣ ತೆಗೆದುಕೊಳ್ಳಲಿಲ್ಲ, ಕೆಲವು ಶುರುವಾಗಲೇ ಇಲ್ಲ, ಕೆಲವಕ್ಕೆ ನೆಟ್‌ವರ್ಕ್ ಇರಲಿಲ್ಲ. 4.9% ಕಡೆ ಕೇಬಲ್ ಕಾರಿನ ಪೋರ್ಟ್ ತನಕ ಮುಟ್ಟಲೇ ಇಲ್ಲ! ಎಂಟು ದಿನ ಬಿಟ್ಟು ಕೆಲವನ್ನು ಮತ್ತೆ ನೋಡಿದಾಗಲೂ ಒಟ್ಟು ಪರಿಸ್ಥಿತಿ ಬದಲಾಗಿರಲಿಲ್ಲ.

ಇದನ್ನು ಓದಿ ನನಗೆ ಒಂಥರಾ ಸಮಾಧಾನವಾಯಿತು. ಜೊತೆಗೆ ಒಂದು ಲೆಕ್ಕವೂ ಹೊಳೆಯಿತು. ಅದೇ ಅಂಕಿ ಇಟ್ಟುಕೊಂಡರೆ, ಒಂದೇ ಗನ್ ಇರುವ ಜಾಗದಲ್ಲಿ ಹೆಚ್ಚುಕಮ್ಮಿ ನಾಲ್ಕು ಸಲಕ್ಕೆ ಒಂದು ಸಲ ಕೈ ಕೊಡುತ್ತದೆ. ಎರಡು ಗನ್ ಇದ್ದರೆ ಎರಡೂ ಒಟ್ಟಿಗೆ ಕೈಕೊಡುವುದು 13ರಲ್ಲಿ ಒಂದು ಸಲ. ನಾಲ್ಕಿದ್ದರೆ ನಾಲ್ಕೂ ಒಟ್ಟಿಗೆ ಕೈಕೊಡುವುದು 170ಕ್ಕೂ ಹೆಚ್ಚು ಸಲಕ್ಕೆ ಒಮ್ಮೆ. ಕರೆಂಟೇ ಹೋದರೆ ಎಲ್ಲವೂ ಒಟ್ಟಿಗೇ ಮಲಗುತ್ತವೆ, ಆ ಮಾತು ಬೇರೆ. ಆದರೂ ಅವತ್ತಿನಿಂದ ನಾನು ಕಿಲೊವ್ಯಾಟ್ ನೋಡುವುದನ್ನು ಬಿಟ್ಟು ಗನ್ ಎಣಿಸುತ್ತೇನೆ. 240ರ ಒಂಟಿ ಮೆಷಿನ್ನಿಗಿಂತ 60ರ ಆರು ಗನ್ ಇರುವ ಜಾಗ ನನಗೆ ಇಷ್ಟ. ಕಾರುಹುಚ್ಚಿನ ಗೆಳೆಯರು ಇದನ್ನು ಒಪ್ಪುವುದಿಲ್ಲ. ಬೇಡ ಬಿಡಿ.

ಅಮೆರಿಕದ ಸರ್ಕಾರಕ್ಕೂ ಇದೇ ಹೊಳೆದಂತಿದೆ. ತನ್ನ ದುಡ್ಡಿನಲ್ಲಿ ಕಟ್ಟುವ ಫಾಸ್ಟ್ ಚಾರ್ಜಿಂಗ್ ಜಾಗಗಳಲ್ಲಿ ಕನಿಷ್ಠ 4 ಗನ್ ಇರಬೇಕು, ಪ್ರತಿಯೊಂದೂ ವರ್ಷದಲ್ಲಿ 97%ಗಿಂತ ಜಾಸ್ತಿ ಹೊತ್ತು ಚಾಲ್ತಿಯಲ್ಲಿರಬೇಕು ಅಂತ 2023ರಲ್ಲಿ ನಿಯಮ ಮಾಡಿತು. 97 ಅಂದರೆ ಒಳ್ಳೆಯ ಮಾರ್ಕ್ಸೇ. ಉಳಿದ 3% ಅಂದರೆ ವರ್ಷಕ್ಕೆ 11 ದಿನ. ಆದರೆ 'ಚಾಲ್ತಿಯಲ್ಲಿದೆ' ಅಂತ ಕಂಪ್ಯೂಟರ್ ಹೇಳುವುದಕ್ಕೂ ಮಳೆಯಲ್ಲಿ ನಿಂತವನಿಗೆ ಟಕ್ ಕೇಳುವುದಕ್ಕೂ ನಡುವೆ ಬಹಳ ದೂರವಿದೆ. ನನಗೆ ಎರರ್ ತೋರಿಸಿದ ಆ ಮೆಷಿನ್ ಆ್ಯಪ್‌ನಲ್ಲಿ ಹಸಿರಾಗಿಯೇ ಇತ್ತಲ್ಲ!

ಆ್ಯಪ್ ಅಂದಾಗ ನೆನಪಾಯಿತು. ನನ್ನ ಫೋನಿನಲ್ಲಿ ಚಾರ್ಜಿಂಗ್ ಆ್ಯಪ್‌ಗಳೇ ಒಂಬತ್ತು ಇವೆ. ಪ್ರತಿಯೊಂದಕ್ಕೂ ಒಂದು ವಾಲೆಟ್, ಪ್ರತಿ ವಾಲೆಟ್ಟಿನಲ್ಲೂ ವಾಪಸ್ ಬಾರದ ಒಂದಿಷ್ಟು ಚಿಲ್ಲರೆ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಸಿಗ್ನಲ್ ಇಲ್ಲದೆ ಒಟಿಪಿಗಾಗಿ ಮೆಟ್ಟಿಲು ಹತ್ತಿ ಇಳಿದದ್ದೂ ಇದೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಮೊದಲು ಆ್ಯಪ್ ಹಾಕಿಕೊಂಡು ಬನ್ನಿ ಅಂದರೆ ನಾವು ಸುಮ್ಮನಿರುತ್ತೇವಾ? ಯುರೋಪಿನಲ್ಲಿ ಇದಕ್ಕೊಂದು ಕಡಿವಾಣ ಬಿದ್ದಿದೆ. 2024ರ ಏಪ್ರಿಲ್ 13ರ ನಂತರ ಹಾಕುವ, 50 ಕಿಲೊವ್ಯಾಟ್ ಮತ್ತು ಮೇಲಿನ ಸಾರ್ವಜನಿಕ ಚಾರ್ಜರ್‌ಗಳು ಮಾಮೂಲಿ ಬ್ಯಾಂಕ್ ಕಾರ್ಡಿನಲ್ಲೂ ಹಣ ತೆಗೆದುಕೊಳ್ಳಲೇಬೇಕು. ಗನ್ ಸಿಕ್ಕಿಸಿದರೆ ಸಾಕು, ಕಾರೇ ತನ್ನ ಗುರುತು ಹೇಳಿ ಬಿಲ್ ಕಟ್ಟುವ ವ್ಯವಸ್ಥೆಯೂ ಇದೆ. ಟೆಸ್ಲಾ 2012ರಲ್ಲಿ ತನ್ನ ಚಾರ್ಜರ್‌ಗಳನ್ನು ಶುರುಮಾಡಿದಾಗ ಕಾರೂ ತನ್ನದೇ, ಮೆಷಿನ್ನೂ ತನ್ನದೇ. ಹಾಗಾಗಿ ಇಬ್ಬರಿಗೂ ಮಾತು ಸುಲಭವಾಗಿ ಹೊಂದಿತು. ಹತ್ತಾರು ಕಂಪನಿಯ ಕಾರು, ಹತ್ತಾರು ಕಂಪನಿಯ ಮೆಷಿನ್ ಸೇರುವ ಕಡೆ ಅಷ್ಟು ಸಲೀಸಲ್ಲ.

ಓಡಾಡಿ ಕಲಿತದ್ದು ಇನ್ನೊಂದೆರಡು ಇದೆ. ಮೆಷಿನ್ ಸತ್ತಂತೆ ಕಂಡರೆ ಮೊದಲು ಅದರ ಮೈಮೇಲಿನ ದಪ್ಪ ಕೆಂಪು ಬಟನ್ ನೋಡಿ. ಯಾರೋ ಮಕ್ಕಳು ಒತ್ತಿ ಹೋಗಿರುತ್ತಾರೆ. ತಂತಿ ಕಿತ್ತಿರುವುದು, ಸುಟ್ಟ ವಾಸನೆ, ಅಂಥದ್ದೇನೂ ಇಲ್ಲದಿದ್ದರೆ ಅದನ್ನು ತಿರುಗಿಸಿ ಬಿಟ್ಟಾಗ ಎಷ್ಟೋ ಸಲ ಮೆಷಿನ್ ಎದ್ದು ಕೂರುತ್ತದೆ. ಚಾರ್ಜ್ ಮುಗಿದ ಮೇಲೆ ಗನ್ ಹೊರಗೆ ಬರದಿದ್ದರೆ ಜೋರು ಮಾಡಬೇಡಿ. ಕೀಲಿಯಿಂದ ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ. ಅದಕ್ಕೂ ಬಗ್ಗದಿದ್ದರೆ, ಕೆಲವು ಕಾರುಗಳ ಡಿಕ್ಕಿಯಲ್ಲೋ ಬಾನೆಟ್ಟಿನ ಕೆಳಗೋ ಲಾಕ್ ಬಿಡಿಸುವ ಒಂದು ದಾರ ಇರುತ್ತದೆ. ಅದು ನಿಮ್ಮ ಕಾರಿನಲ್ಲಿ ಎಲ್ಲಿದೆ ಅಂತ ಹಗಲು ಹೊತ್ತಿನಲ್ಲಿ, ಮನೆಯಲ್ಲೇ ನೋಡಿಟ್ಟುಕೊಳ್ಳಿ.

ಮತ್ತೆ, 5%ಗೆ ಬಂದಾಗ ಚಾರ್ಜರ್ ಹುಡುಕುವ ಶೂರತನ ನನಗೆ ಬೇಡ. 20% ಇರುವಾಗಲೇ ತಲುಪುತ್ತೇನೆ, ಅದು ಕೈಕೊಟ್ಟರೆ ಮುಂದಿನದಕ್ಕೆ ಹೋಗುವಷ್ಟು ಉಳಿದಿರಬೇಕು. ಹಿಂದಿನ ದಿನವೋ ಅವತ್ತೋ ಯಾರಾದರೂ ಅಲ್ಲಿ ಚಾರ್ಜ್ ಮಾಡಿದ್ದಾರಾ ಅಂತಲೂ ನೋಡುತ್ತೇನೆ. ಹಸಿರು ಚುಕ್ಕಿಗಿಂತ ಅದು ನಂಬಿಕಸ್ಥ.

ಹೋದ ತಿಂಗಳು ಹೆಂಡತಿಯ ತಮ್ಮನೂ ಎಲೆಕ್ಟ್ರಿಕ್ ಕಾರು ಕೊಂಡ. ಮೊದಲ ದೂರದ ಪ್ರಯಾಣ. ಮಧ್ಯಾಹ್ನ ಫೋನ್ ಬಂತು.

"ಭಾವ, ಎರಡು ಸಲ ಹಾಕ್ದೆ. ಎರಡು ಸಲಾನೂ ಎರರ್."

"ಗನ್ ಎತ್ತಿ ಹಿಡ್ಕೋ. ಎರಡೂ ಕೈಯಲ್ಲಿ."

"ಫೋನ್ ಯಾರು ಹಿಡ್ಕೊಳ್ಳೋದು?"

"ಕಾರ್ ಮೇಲಿಡು, ಸ್ಪೀಕರ್ ಹಾಕು. ಶುರು ಮಾಡೋಕೆ ಅವಳಿಗೆ ಹೇಳು."

ಸ್ವಲ್ಪ ಹೊತ್ತು ಗಾಳಿಯ ಸದ್ದು. ಅವನ ಹೆಂಡತಿ ಏನೋ ಹೇಳುತ್ತಿದ್ದಳು. ಆಮೇಲೆ ದೂರದಿಂದ ಅವನ ದನಿ.

"ಟಕ್ ಅಂತು ಭಾವ!"

"ಎಷ್ಟು ಹೊತ್ತು ಅಂತ ತೋರಿಸ್ತಿದೆ?" ಅಂತ ನನ್ನ ಬಾಯಿಂದಲೇ ಬಂದುಬಿಟ್ಟಿತು.

"41 ನಿಮಿಷ. ಸರಿ, ಇಡ್ತೀನಿ. ಹಿಂದೆ ಇನ್ನೊಬ್ರು ಬಂದ್ರು, ಅವರದ್ದೂ ಶುರುವಾಗ್ತಿಲ್ವಂತೆ."