ಐರ್ಲೆಂಡ್ ಎಂಬ ಹೆಂಗಸು: ನನ್ನ ಲಿನೋ ಪುಸ್ತಕ ಎಲ್ಲಿಗೆ ಬಂತು

ಜನವರಿ

ಡಬ್ಲಿನ್‌ನ ಚಳಿಗಾಲದಲ್ಲಿ ಐದು ಗಂಟೆಗೆಲ್ಲ ಕತ್ತಲೆ. ವಾರದ ಕೊನೆಗೆ ಏನಾದರೂ ಕೈಕೆಲಸ ಇಲ್ಲದಿದ್ದರೆ ತಲೆ ಕೆಡುತ್ತದೆ. ಅದಕ್ಕೇ ಲಿನೋ ಕೆತ್ತನೆ ಶುರು ಮಾಡಿದೆ. ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು. ಅದರಿಂದ ಒಂದು ಪುಸ್ತಕ ಮಾಡುವ ಆಸೆ. ಒಂದು ಉದ್ದನೆಯ ಕಾಗದ, ಅದನ್ನು ಬೀಸಣಿಗೆಯ ಹಾಗೆ ಎಂಟು ಮಡಿಕೆ ಮಾಡುವುದು. ಮಡಿಕೆಗೊಂದು ಅಚ್ಚು, ಕೆಳಗೆ ಎರಡು ಸಾಲು ಕನ್ನಡ. ಒಟ್ಟು ಹನ್ನೆರಡು ಪ್ರತಿ. ಮಾರುವುದಕ್ಕಲ್ಲ, ಗೆಳೆಯರಿಗೆ ಕೊಡುವುದಕ್ಕೆ.

ಹುಚ್ಚು ಹತ್ತಿದ್ದು ಒಂದು ಹಳೇ ನೋಟಿನಿಂದ. ಭಾನುವಾರದ ಸಂತೆಯಲ್ಲಿ ಹಸಿರು ಬಣ್ಣದ ಒಂದು ಪೌಂಡ್ ನೋಟು ಸಿಕ್ಕಿತು. ಅದರ ಮೇಲೆ ಶಾಲು ಹೊದ್ದ ಹೆಂಗಸು. ಮೂಲ ಚಿತ್ರದಲ್ಲಿ ಅವಳು ಹಾರ್ಪ್ ಎಂಬ ತಂತಿವಾದ್ಯದ ಮೇಲೆ ತೋಳು ಊರಿ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾಳೆ. ಹಿಂದೆ ನೀರು, ಗುಡ್ಡ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಇವಳು ಅವರ ಭುವನೇಶ್ವರಿಯಾ?" ಅಂದರು. ಒಂಥರಾ ಹೌದು. ಇವಳು ಕ್ಯಾಥ್‌ಲೀನ್ ನಿ ಹೂಲಿಹಾನ್. ದೇಶಕ್ಕೇ ಹೆಣ್ಣಿನ ರೂಪ ಕೊಟ್ಟರೆ ಹುಟ್ಟುವವಳು.

ತಮಾಷೆ ಏನೆಂದರೆ ಚಿತ್ರಕ್ಕೆ ಕೂತವರು ಹೇಜಲ್ ಲೇವರಿ, ಹುಟ್ಟಿದ್ದು ಶಿಕಾಗೋದಲ್ಲಿ, ಮನೆ ಇದ್ದದ್ದು ಲಂಡನ್‌ನಲ್ಲಿ. ಬರೆದವರು ಅವರ ಗಂಡ, ಬೆಲ್‌ಫಾಸ್ಟ್‌ನ ಜಾನ್ ಲೇವರಿ. 1921ರಲ್ಲಿ ಬ್ರಿಟನ್ ಜೊತೆಗಿನ ಒಪ್ಪಂದದ ಮಾತುಕತೆಗೆ ಲಂಡನ್‌ಗೆ ಹೋದ ಐರಿಶ್ ನಾಯಕರಿಗೆ ಈ ದಂಪತಿಯ ಮನೆ ಬಾಗಿಲು ಸದಾ ತೆರೆದಿತ್ತು. 1928ರಲ್ಲಿ ಹೊಸ ಐರಿಶ್ ರಾಷ್ಟ್ರದ ಮೊದಲ ನೋಟುಗಳು ಬಂದವು. ಆ ಮುಖ ಎಲ್ಲರ ಜೇಬಿಗೂ ಹೋಯಿತು. 1970ರ ದಶಕದಲ್ಲಿ ನೋಟಿನ ವಿನ್ಯಾಸ ಬದಲಾಯಿತು. ಆದರೂ ಬೆಳಕಿಗೆ ಹಿಡಿದರೆ ನೀರಗುರುತಿನಲ್ಲಿ ಇವರೇ ಕಾಣುತ್ತಿದ್ದರು. 2002ರಲ್ಲಿ ಯೂರೋ ಬರುವವರೆಗೂ ಹಾಗೇ.

ಮೊದಲ ಅಚ್ಚು ಇವರದ್ದೇ. ಕೆತ್ತಿದ್ದು ಮೂರು ಸಂಜೆ, ಹಾಳಾಗಿದ್ದು ಒಂದು ನಿಮಿಷದಲ್ಲಿ. ಲಿನೋದಲ್ಲಿ ಎಲ್ಲವನ್ನೂ ತಿರುಗುಮುರುಗಾಗಿ ಕೆತ್ತಬೇಕು. ಚಿತ್ರಕ್ಕೆ ಅದು ನೆನಪಿತ್ತು, ಅಕ್ಷರಕ್ಕೆ ಮರೆತೆ. 'ಐರ್ಲೆಂಡ್' ಅಂತ ಕೆತ್ತಿದ್ದು ಕನ್ನಡಿಯಲ್ಲಿ ನೋಡಿದ ಹಾಗೆ ಬಂತು. ಅರ್ಕಾವೊತ್ತು ಹಿಂದೆ ಮುಂದಾಗಿ ಯಾವುದೋ ಹುಳದ ಹಾಗೆ ಕಾಣುತ್ತಿತ್ತು.

ಫೆಬ್ರವರಿ

ಎರಡನೇ ಅಚ್ಚಿಗೆ ನಾಟಕದ ಕ್ಯಾಥ್‌ಲೀನ್ ಬೇಕಿತ್ತು. ಅವಳದೇ ಹೆಸರಿನ ನಾಟಕ, 1902ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಆಡಿದ್ದು. ಕ್ಯಾಥ್‌ಲೀನ್ ಆಗಿದ್ದವರು ಹೋರಾಟಗಾರ್ತಿ ಮಾಡ್ ಗಾನ್. ಕತೆ ನಡೆಯುವುದು ಬ್ರಿಟಿಷರ ವಿರುದ್ಧ ದಂಗೆ ಎದ್ದ 1798ರಲ್ಲಿ, ಕಿಲ್ಲಾಲಾ ಹತ್ತಿರದ ಹಳ್ಳಿಯ ಮನೆಯೊಂದರಲ್ಲಿ. ಬೆಳಗಾದರೆ ಮದುವೆ. ಒಬ್ಬ ಮುದುಕಿ ಬಾಗಿಲಿಗೆ ಬರುತ್ತಾಳೆ, ಅವಳೇ ಕ್ಯಾಥ್‌ಲೀನ್. ನನ್ನ ನಾಲ್ಕು ಹಸಿರು ಹೊಲ (ಅಂದರೆ ಐರ್ಲೆಂಡ್‌ನ ನಾಲ್ಕು ಪ್ರಾಂತ್ಯ) ಪರರ ಪಾಲಾಯಿತು ಅನ್ನುತ್ತಾಳೆ. ಮದುಮಗ ಮೈಕಲ್ ಎಲ್ಲ ಬಿಟ್ಟು ಅವಳ ಹಿಂದೆ ಹೋಗುತ್ತಾನೆ. ಕೊನೆಗೆ ತಮ್ಮನನ್ನು ಕೇಳುತ್ತಾರೆ, ದಾರಿಯಲ್ಲಿ ಮುದುಕಿ ಕಂಡಳಾ ಅಂತ. ಇಲ್ಲ, ಒಬ್ಬ ಹುಡುಗಿ ಕಂಡಳು, ನಡಿಗೆ ಮಾತ್ರ ರಾಣಿಯದು ಅನ್ನುತ್ತಾನೆ ಅವನು.

ಈ 'ನಡಿಗೆ' ಅನ್ನುವ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ.

ನಾಟಕ ಬಹಳ ಕಾಲ ಕವಿ ಯೇಟ್ಸ್ ಒಬ್ಬರ ಹೆಸರಿನಲ್ಲೇ ಓಡಾಡಿತು. ಮಾತುಗಳಲ್ಲಿ ಬಹುಪಾಲು, ಜೊತೆಗೆ ಬರೆದ ಲೇಖಕಿ ಲೇಡಿ ಗ್ರೆಗರಿಯದ್ದು. ಹಸ್ತಪ್ರತಿಯ ಒಂದು ಕಡೆ ಅವರು 'ಇದೆಲ್ಲ ನನ್ನದೊಂದೇ' ಅನ್ನುವ ಅರ್ಥದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದಾರೆ. ದೇಶ ಹೆಣ್ಣಂತೆ. ಆ ಹೆಣ್ಣಿನ ಬಾಯಿಗೆ ಮಾತು ಕೊಟ್ಟವಳಿಗೆ ಮಾತ್ರ ಹೆಸರಿಲ್ಲ!

ಇನ್ನೊಂದು ವಿಷಯ ನನ್ನನ್ನು ಕಾಡಿತು. ಮದುಮಗಳು ಡೀಲಿಯಾ. ಎಲ್ಲರೂ ಮುದುಕಿಯ ಬಗ್ಗೆ ಮಾತಾಡುತ್ತಾರೆ, ಮದುವೆ ನಿಂತುಹೋದ ಇವಳ ಬಗ್ಗೆ ಯಾರೂ ಇಲ್ಲ. ಹಾಗಾಗಿ ಕ್ಯಾಥ್‌ಲೀನ್ ಬಿಟ್ಟು ಡೀಲಿಯಾಳನ್ನೇ ಕೆತ್ತಿದೆ. ಬೆನ್ನು ಮಾತ್ರ ಕಾಣುವ ಹಾಗೆ. ಮುಖ ಕೆತ್ತುವುದು ನನಗೆ ಚೆನ್ನಾಗಿ ಬರಲ್ಲ, ಅದೂ ಒಂದು ಕಾರಣ.

ಮಾರ್ಚ್

ಚಳಿಗೆ ಲಿನೋ ಕಲ್ಲಾಗುತ್ತದೆ. ಹೀಟರ್ ಮೇಲೆ ಐದು ನಿಮಿಷ ಇಟ್ಟರೆ ಹಳೇ ಚಪಾತಿ ಬಿಸಿ ಮಾಡಿದ ಹಾಗೆ ಮೆತ್ತಗಾಗುತ್ತದೆ. ಇದು ತಿಳಿಯುವಷ್ಟರಲ್ಲಿ ಉಳಿ ಜಾರಿ ಎಡಗೈ ಹೆಬ್ಬೆರಳಿಗೆ ಬಿದ್ದಿತ್ತು. ಜಾಸ್ತಿ ಏನಿಲ್ಲ, ಎರಡು ವಾರ ಪಟ್ಟಿ.

ಕೈ ಕಟ್ಟಿಹಾಕಿದಂತಾಗಿದ್ದಾಗ ಓದಿದ್ದು ಎರಡು ಪದ್ಯ. ಎರಡಕ್ಕೂ ಒಂದೇ ಹೆಸರು: 'ಮಿಶೆ ಏರ'. 'ನಾನು ಐರ್ಲೆಂಡ್' ಅಂತ ಅರ್ಥ. ಮೊದಲನೆಯದು 1912ರದ್ದು, ಐರಿಶ್ ಭಾಷೆಯಲ್ಲಿದೆ, ಪ್ಯಾಟ್ರಿಕ್ ಪಿಯರ್ಸ್ ಬರೆದದ್ದು. ಐರಿಶ್ ಪುರಾಣದ ಬೇರಾದ ಮುದುಕಿಗಿಂತ ನಾನು ಹಳಬಳು, ವೀರನನ್ನು ಹೆತ್ತವಳು, ನನ್ನ ಮಕ್ಕಳೇ ನನ್ನನ್ನು ಮಾರಿದರು ಅನ್ನುತ್ತಾಳೆ ತಾಯಿ ಐರ್ಲೆಂಡ್. ನಾಲ್ಕು ವರ್ಷದ ನಂತರ, 1916ರಲ್ಲಿ, ಬ್ರಿಟಿಷರ ವಿರುದ್ಧದ ದಂಗೆಯ ಮುಂಚೂಣಿಯಲ್ಲಿದ್ದ ಪಿಯರ್ಸ್ ಅವರನ್ನು ಬ್ರಿಟಿಷರು ಡಬ್ಲಿನ್‌ನ ಕಿಲ್ಮೇನಮ್ ಜೈಲಿನಲ್ಲಿ ಗುಂಡಿಟ್ಟು ಕೊಂದರು.

ಎರಡನೆಯದು ಐರಿಶ್ ಕವಯಿತ್ರಿ ಈವನ್ ಬೋಲೆಂಡ್ ಅವರದ್ದು, 1980ರ ದಶಕದ್ದು, ಇಂಗ್ಲಿಷ್‌ನಲ್ಲಿ. ಇಲ್ಲಿ ಮಾತಾಡುವವಳು ತಾಯಿ ಅಲ್ಲ, ದೇವಿಯೂ ಅಲ್ಲ. ಹಿಂದಕ್ಕೆ ಹೋಗಲ್ಲ ಅನ್ನುತ್ತಲೇ ಶುರು. ಒಮ್ಮೆ ಅವಳು ಸೈನಿಕರ ಬೀಡಿನ ಸೂಳೆ. ಇನ್ನೊಮ್ಮೆ, ಅರೆಜೀವದ ಕೂಸನ್ನು ಎದೆಗವಚಿಕೊಂಡು ಹಡಗಿನ ಮೇಲೆ ನಿಂತ ವಲಸೆಯ ಹೆಂಗಸು. ಹೊಸ ಭಾಷೆ ಅನ್ನುವುದು ಒಂದು ಬಗೆಯ ಗಾಯದ ಗುರುತು ಅನ್ನುವ ಮಾತು ಕೊನೆಯ ಹತ್ತಿರ ಬರುತ್ತದೆ. ಆ ಗುರುತಿಗೆ ಕನ್ನಡದಲ್ಲಿ ಏನು ಹೇಳುತ್ತೇವೆ? ಕಲೆ. ಚಿತ್ರಕ್ಕೂ ಕಲೆ, ಗಾಯ ಮಾಸಿದ ಮೇಲೆ ಉಳಿಯುವುದಕ್ಕೂ ಕಲೆ. ಇಂಗ್ಲಿಷ್‌ನಲ್ಲಿ ಬೋಲೆಂಡ್‌ಗೆ ಸಿಗದ ಶ್ಲೇಷೆ ನನಗೆ ಪುಕ್ಕಟೆ ಸಿಕ್ಕಿತು. ಅವತ್ತು ಬೆರಳಿನ ಪಟ್ಟಿ ನೋಡಿಕೊಂಡು ಒಬ್ಬಳೇ ನಕ್ಕೆ.

ಬೋಲೆಂಡ್ ತೀರಿಕೊಂಡಿದ್ದು 2020ರಲ್ಲಿ. ಹಕ್ಕು ಇನ್ನೂ ಇದೆ, ಹಾಗಾಗಿ ಅವರ ಪದ್ಯ ಅನುವಾದಿಸಿ ಅಚ್ಚು ಹಾಕುವಂತಿಲ್ಲ. ಪಿಯರ್ಸ್ ಪದ್ಯ ಹಾಕಬಹುದು, ಹಾಕಿದೆ. ಪಕ್ಕದ ಮಡಿಕೆಯಲ್ಲಿ 'ಕಲೆ' ಅನ್ನುವ ಎರಡೇ ಅಕ್ಷರ. ಈ ಸಲ ತಿರುಗುಮುರುಗಾಗಿಯೇ ಕೆತ್ತಿದೆ.

ಏಪ್ರಿಲ್

ಇಡೀ ಪುಸ್ತಕದ ದಿಕ್ಕು ಬದಲಾಗಿದ್ದು ಈ ತಿಂಗಳು. ಮೂರ್ ಸ್ಟ್ರೀಟ್‌ಗೆ ಸೊಪ್ಪು ತರೋಕೆ ಹೋಗಿದ್ದೆ. 1916ರ ದಂಗೆಯವರು ತಮ್ಮ ಕೇಂದ್ರವಾಗಿದ್ದ ಅಂಚೆ ಕಚೇರಿ ಬಿಟ್ಟು ಕೊನೆಗೆ ಸೇರಿಕೊಂಡಿದ್ದು ಇದೇ ಬೀದಿಯ ಮನೆಗಳಲ್ಲಿ. ಏಪ್ರಿಲ್ 29ರಂದು ಶರಣಾಗತಿಯ ಸುದ್ದಿ ಹೊತ್ತು, ಬಿಳಿ ಬಾವುಟ ಹಿಡಿದು, ಇಲ್ಲಿಂದ ಹೊರಗೆ ನಡೆದವರು ನರ್ಸ್ ಎಲಿಜಬೆತ್ ಓ'ಫಾರೆಲ್. ಆಮೇಲೆ ಪಿಯರ್ಸ್ ಜೊತೆ ಮತ್ತೆ ಹೋದರು.

ಆ ಕ್ಷಣದ ಒಂದು ಫೋಟೋ ಇದೆ. ಪಿಯರ್ಸ್, ಎದುರಿಗೆ ಬ್ರಿಟಿಷ್ ಸೇನೆಯ ಜನರಲ್ ಲೋ. ಓ'ಫಾರೆಲ್ ಪಿಯರ್ಸ್‌ರ ಮರೆಯಲ್ಲಿ ನಿಂತಿದ್ದಾರೆ. ಕಾಣುವುದು ಪಾದ ಮತ್ತು ಬಟ್ಟೆಯ ಅಂಚು ಮಾತ್ರ. ಅಚ್ಚಾದ ಕೆಲವು ಪ್ರತಿಗಳಲ್ಲಿ ಅದನ್ನೂ ಅಳಿಸಿದ್ದಾರೆ. ಯಾರಿಗೆ ತೊಂದರೆ ಕೊಡುತ್ತಿತ್ತು ಆ ಬೂಟು?

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಫೆಬ್ರವರಿಯ ಪುಟದಲ್ಲಿ 'ನಡಿಗೆ' ಅಂತ ಬರೆದಿತ್ತು. ಬೋಲೆಂಡ್‌ರ ಇನ್ನೊಂದು ಪದ್ಯವೂ ನೆನಪಾಯಿತು. 1847ರ ಬರಗಾಲ. ಗಂಡ ಹೆಂಡತಿ ವರ್ಕ್‌ಹೌಸ್ (ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ದುಡಿಮೆಯ ಮನೆ) ಬಿಟ್ಟು ಉತ್ತರಕ್ಕೆ ನಡೆಯುತ್ತಾರೆ. ಅವಳಿಗೆ ಜ್ವರ, ಅವನು ಹೊತ್ತುಕೊಂಡು ಹೋಗುತ್ತಾನೆ. ಬೆಳಗ್ಗೆ ಇಬ್ಬರೂ ಸತ್ತು ಸಿಗುತ್ತಾರೆ. ಅವಳ ಪಾದ ಅವನ ಎದೆಗೆ ಒತ್ತಿಕೊಂಡಿರುತ್ತದೆ. ಮೈಯಲ್ಲಿ ಉಳಿದಿದ್ದ ಕೊನೆಯ ಬಿಸಿಯನ್ನು ಅವನು ಅವಳ ಪಾದಕ್ಕೆ ಕೊಟ್ಟಿರುತ್ತಾನೆ.

ಅಲ್ಲಿಗೆ ಗೊತ್ತಾಯಿತು. ನಾನು ಮುಖದ ಪುಸ್ತಕ ಮಾಡುತ್ತಿಲ್ಲ. ನೋಟಿನ ಮೇಲಿನ ಮುಖದಿಂದ ಹೊರಟು ಪಾದಕ್ಕೆ ಬರುವ ಪುಸ್ತಕ ಇದು. ದೇಶದ ಹೆಸರಿನ ಹೆಂಗಸಿಗೆ ಚೆಂದದ ಮುಖ ಇತ್ತು, ನಡೆದು ಸವೆದವರಿಗೆ ಪಾದವಷ್ಟೇ ಉಳಿಯಿತು. ಉಳಿದ ನಾಲ್ಕು ಮಡಿಕೆಯ ಸ್ಕೆಚ್ ಹರಿದು ಹೊಸದಾಗಿ ಬರೆದೆ.

ಬೂಟಿನ ಅಚ್ಚು ಅಂದುಕೊಂಡದ್ದಕ್ಕಿಂತ ಕಷ್ಟ. ಮಿಕ್ಕಿದ್ದೆಲ್ಲ ಬಿಳಿ ಬರಬೇಕು, ಅಂದರೆ ಹಲಗೆಯ ಮುಕ್ಕಾಲು ಭಾಗ ಕೆತ್ತಿ ತೆಗೆಯಬೇಕು. ಪ್ರೆಸ್ ಇಲ್ಲ, ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ಖಾಲಿ ಜಾಗಕ್ಕೂ ಶಾಯಿ ಹತ್ತಿ ಬೂದು ಗೆರೆ ಬರುತ್ತಿತ್ತು. ಮೊದಲು ಬೇಸರವಾಯಿತು. ಆಮೇಲೆ, ಅಳಿಸಿದ ಗುರುತಿನ ಹಾಗೇ ಇದೆಯಲ್ಲ ಅನ್ನಿಸಿತು. ಹಾಗೇ ಬಿಟ್ಟೆ.

ಮೇ

ಐರಿಶ್ ಕಲಾವಿದೆ ಕ್ಯಾಥಿ ಪ್ರೆಂಡರ್‌ಗ್ಯಾಸ್ಟ್ 1983ರಲ್ಲಿ ಬಿಡಿಸಿದ 'ಬಾಡಿ ಮ್ಯಾಪ್' ಸರಣಿ ನೋಡಬೇಕಿತ್ತು. ಕಿಲ್ಮೇನಮ್‌ನ ಆಧುನಿಕ ಕಲಾ ಮ್ಯೂಸಿಯಂ ಸಂಗ್ರಹದಲ್ಲಿದೆ. ನಾನು ಹೋದಾಗ ಗೋಡೆಯ ಮೇಲಿರಲಿಲ್ಲ, ಪುಸ್ತಕದಲ್ಲಿ ನೋಡಿ ಬಂದೆ. ಹೆಣ್ಣಿನ ಮೈಯನ್ನು ಹಳೇ ಸರ್ವೆ ನಕ್ಷೆಯ ಹಾಗೆ ಬಿಡಿಸಿದ್ದಾರೆ. ದೇಶ ಹೆಣ್ಣು ಅಂದಿರಲ್ಲ, ಸರಿ, ಹಾಗಿದ್ದರೆ ಅಳೆಯಿರಿ, ಅಗೆಯಿರಿ ಅನ್ನುವ ತಣ್ಣನೆಯ ವ್ಯಂಗ್ಯ. ಕೂಗಾಟವೇ ಇಲ್ಲ. ನನಗೆ ಇದು ಬಹಳ ಹಿಡಿಸಿತು. ನನ್ನ ಆರನೇ ಅಚ್ಚಿನಲ್ಲಿ ಒಂದು ಅಂಗಾಲು, ಅದರ ಬಿರುಕುಗಳೇ ನದಿ, ದಾರಿ. ನಕಲಲ್ಲ, ಸಾಲ ಅನ್ನಿ.

ಆಫೀಸಿನ ಐರಿಶ್ ಗೆಳತಿ ಕೇಳಿದಳು, ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಮಾಡುತ್ತೀಯ, ಯಾರು ಓದುತ್ತಾರೆ? ಅವಳಿಗೆ ಜೇಮ್ಸ್ ಕಸಿನ್ಸ್ ಕತೆ ಹೇಳಿದೆ. 1924ರಲ್ಲಿ ಮೈಸೂರಿಗೆ ಬಂದಿದ್ದ ಈ ಐರಿಶ್ ಕವಿಗೆ ಯುವಕ ಕುವೆಂಪು ತಮ್ಮ ಇಂಗ್ಲಿಷ್ ಕವನ ತೋರಿಸಿದ್ದು, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರು ಹೇಳಿದ್ದು ನಮಗೆಲ್ಲ ಗೊತ್ತಲ್ವಾ. ಅವಳಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವಳು ತಿರುಗಿ ಕೇಳಿದಳು: "ಅವರ ಹೆಂಡತಿ ಮಾರ್ಗರೇಟ್ ಗೊತ್ತಾ?"

ನನಗೆ ಅರ್ಧಂಬರ್ಧ ಗೊತ್ತಿತ್ತು. ಭಾರತಕ್ಕೆ ಬರುವ ಮೊದಲೇ, 1908ರಲ್ಲಿ, ಐರಿಶ್ ಹೆಂಗಸರ ಮತದ ಹಕ್ಕಿನ ಸಂಘ ಕಟ್ಟಿದವರಲ್ಲಿ ಅವರೊಬ್ಬರು. ಡಬ್ಲಿನ್ ಕ್ಯಾಸಲ್‌ನ ಕಿಟಕಿ ಗಾಜು ಒಡೆದು ಜೈಲಿಗೆ ಹೋದವರು. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾಗಲು ಅವರೇ ಕಾರಣ. ಗಂಡನ ಒಂದು ಮಾತು ನಮ್ಮ ಪಠ್ಯಪುಸ್ತಕದವರೆಗೆ ಬಂತು. ಕಲ್ಲು ಎಸೆದವಳು ನನ್ನ ನೋಟ್‌ಬುಕ್‌ಗೂ ಬಂದಿರಲಿಲ್ಲ. ಲೇಡಿ ಗ್ರೆಗರಿ ಬಗ್ಗೆ ಅಷ್ಟೆಲ್ಲ ಸಿಟ್ಟಾದ ನಾನೇ ಮಾಡಿದ ಕೆಲಸ ಇದು.

ಏಳನೇ ಮಡಿಕೆಯನ್ನು ಹಾಗಾಗಿ ಅವರಿಗೆ ಕೊಟ್ಟಿದ್ದೇನೆ. ಒಡೆದ ಕಿಟಕಿ, ಕೆಳಗೆ ನೆಲದ ಮೇಲೆ ಎರಡು ಬೂಟು, ಬರೀ ಕಪ್ಪು. ಗಾಜಿನ ಚೂರು ಕೆತ್ತೋಕೆ ವಿ-ಉಳಿ ಸಾಕು, ಸುಲಭದ ಕೆಲಸ.

ಇವತ್ತಿಗೆ ಆರು ಹಲಗೆ ಮುಗಿದಿವೆ, ಅದರಲ್ಲಿ ಹೇಜಲ್ ಲೇವರಿಯದನ್ನು ಮತ್ತೆ ಕೆತ್ತಿದ್ದೂ ಸೇರಿದೆ. ಬೂಟಿನ ಅಚ್ಚು ಹನ್ನೆರಡರಲ್ಲಿ ಒಂಬತ್ತು ಚೆನ್ನಾಗಿ ಬಂದಿದೆ. ಬಚ್ಚಲಮನೆಯ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದ್ದೇನೆ. ಎಣ್ಣೆ ಶಾಯಿ, ಇಲ್ಲಿನ ತೇವಕ್ಕೆ ಒಣಗೋಕೆ ಒಂದು ವಾರ ಬೇಕು. ಅಲ್ಲಿಯವರೆಗೆ ಮನೆಯವರೆಲ್ಲ ಬಗ್ಗಿಕೊಂಡೇ ಸ್ನಾನಕ್ಕೆ ಹೋಗುತ್ತಿದ್ದಾರೆ.