ಬಾಗಿಲು ಹಾಕಿದ ಚರ್ಚು, ಬಯಲಿನ ಪ್ರಾರ್ಥನೆ

ಕಾರ್ಕಳದ ಅತ್ತೂರು ಜಾತ್ರೆಗೆ ಹೋದವರಿಗೆ ಸಂತ ಲಾರೆನ್ಸ್ ಹೊಸಬರಲ್ಲ. ಜಾತಿ, ಧರ್ಮ ಅಂತ ನೋಡದೆ ಜನ ಅಲ್ಲಿ ಹರಕೆ ಹೊರುತ್ತಾರೆ, ಮೇಣದಬತ್ತಿ ಹಚ್ಚುತ್ತಾರೆ. ಚರ್ಚಿನ ಸಂಪತ್ತೆಲ್ಲ ತಂದೊಪ್ಪಿಸು ಎಂದು ರೋಮಿನ ಅಧಿಕಾರಿ ಕೇಳಿದಾಗ, ಬಡವರನ್ನು ಕರೆತಂದು ‘ಇವರೇ ನಮ್ಮ ಸಂಪತ್ತು’ ಎಂದು ತೋರಿಸಿದ ಸಂತ ಅವರು ಅನ್ನೋದು ಕಥೆ. ಅವರದೇ ಹೆಸರಿನ ಹಳೆಯ ಚರ್ಚೊಂದು ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ, ಈಮ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿದೆ. ಆ ಕಥೆ ನನಗೆ ಪೂರ್ತಿ ಅರ್ಥವಾಗಿದ್ದು ಅಲ್ಲಿಗೆ ಹೋದ ಮೇಲೆ.

ಚರ್ಚು ದೊಡ್ಡದೇನಲ್ಲ. ಅದರ ಕೆಲವು ಭಾಗ 13ನೇ ಶತಮಾನದ್ದು. ಅಂಗಳದ ಕಲ್ಲಿನ ಶಿಲುಬೆ ಇನ್ನೂ ಹಳೆಯದು, 8ನೇ ಶತಮಾನದ ಆಸುಪಾಸಿನದು ಅಂತಾರೆ. ಅದರ ತೋಳುಗಳಲ್ಲಿ ದೇವದೂತರಿದ್ದಾರೆ, ಕಂಬದ ಮೇಲೆ ಬಳ್ಳಿಯ ಸುರುಳಿ ಇದೆ. ಕಂಬದ ಒಂದು ತುಂಡು ಯಾವಾಗಲೋ ಕಳೆದುಹೋಗಿದೆ. ಹಾಗಾಗಿ ಶಿಲುಬೆ ಮೊಟಕಾಗಿ ಕಾಣುತ್ತದೆ. ಮಳೆಗಾಳಿಗೆ ಸವೆದ ಆ ಮುಖಗಳ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ.

1665ರಲ್ಲಿ ಲಂಡನ್ನಿಂದ ಬಂದ ಬಟ್ಟೆಯ ಗಂಟಿನ ಜೊತೆ ಈ ಊರಿಗೆ ಪ್ಲೇಗ್ ಬಂತು. ಚರ್ಚಿನ ಪಕ್ಕದಲ್ಲೇ ಇದ್ದ ದರ್ಜಿ ಮನೆಯಲ್ಲಿ ಮೊದಲ ಸಾವು. ಚಳಿಗಾಲದಲ್ಲಿ ತುಸು ತಗ್ಗಿದ ರೋಗ ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಕೆರಳಿತು. ನಮ್ಮ ಕಡೆ ಪ್ಲೇಗ್ ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. ಈಮ್‌ನ ಜನಕ್ಕೂ ಓಡಿಹೋಗಬೇಕು ಅನ್ನಿಸಿತ್ತು. ಅವರನ್ನು ನಿಲ್ಲಿಸಿದ್ದು ಇಬ್ಬರು ಪಾದ್ರಿಗಳು.

ಒಬ್ಬರು ವಿಲಿಯಂ ಮೊಂಪೆಸನ್. ಇನ್ನೂ ಯುವಕರು, ಊರಿಗೆ ಹೊಸಬರು. ಇನ್ನೊಬ್ಬರು ಥಾಮಸ್ ಸ್ಟ್ಯಾನ್ಲಿ. ಹೊಸ ಪ್ರಾರ್ಥನಾ ಪುಸ್ತಕದ ಕಟ್ಟಳೆ ಒಪ್ಪದೆ 1662ರಲ್ಲಿ ಇದೇ ಚರ್ಚಿನ ಹುದ್ದೆ ಕಳೆದುಕೊಂಡವರು. ಆದರೂ ಜನರ ನಂಬಿಕೆ ಅವರ ಮೇಲೇ ಇತ್ತು. ತನ್ನ ಜಾಗದಲ್ಲಿ ಬಂದು ಕೂತವನ ಪಕ್ಕ ನಿಂತು, ‘ಇವರು ಹೇಳಿದಂತೆ ಕೇಳಿ’ ಅನ್ನೋದು ಸುಲಭವಾ? ನನಗಂತೂ ಈ ಊರಿನ ಮೊದಲ ಪವಾಡ ಇದೇ.

1666ರ ಜೂನ್‌ನಲ್ಲಿ ಊರು ತೀರ್ಮಾನಕ್ಕೆ ಬಂತು. ಯಾರೂ ಗಡಿ ದಾಟಬಾರದು. ಸತ್ತವರನ್ನು ಮನೆಯವರೇ ತಮ್ಮ ಹೊಲ, ಹಿತ್ತಲಲ್ಲಿ ಮಣ್ಣು ಮಾಡಬೇಕು. ಚರ್ಚಿಗೆ ಬೀಗ. ಕುಕ್ಲೆಟ್ ಡೆಲ್ಫ್ ಎಂಬ ಹುಲ್ಲಿನ ತಗ್ಗಿನಲ್ಲಿ ಕುಟುಂಬಗಳು ದೂರ ದೂರ ನಿಂತು ಪ್ರಾರ್ಥನೆ ಮಾಡಿದವು. ಚರ್ಚಿನ ಸಂಪತ್ತು ಹೀಗೆ ಬಯಲಿಗೆ ಬಂದು ನಿಂತಿತು.

ಅಕ್ಕಪಕ್ಕದ ಊರಿನವರು ಗಡಿಯಲ್ಲಿ ಊಟದ ಸಾಮಾನು ಇಟ್ಟು ಹೋಗುತ್ತಿದ್ದರು. ಸ್ಟೋನಿ ಮಿಡಲ್ಟನ್ ಕಡೆಯ ದಾರಿಯಲ್ಲಿ ಆ ಗಡಿಕಲ್ಲು ಈಗಲೂ ಇದೆ. ಈಮ್‌ನ ಜನ ಅದರ ಗುಳಿಗಳಲ್ಲಿ ವಿನೆಗರ್ ತುಂಬಿ, ಸಾಮಾನಿನ ದುಡ್ಡನ್ನು ಅದರಲ್ಲಿ ಅದ್ದಿಟ್ಟು ಹೋಗುತ್ತಿದ್ದರು. ಕೊಡುವ ಕಾಸಿನಿಂದಲೂ ಇನ್ನೊಬ್ಬರಿಗೆ ರೋಗ ಹತ್ತಬಾರದು ಅಂತ. ನಾನು ಆ ಗುಳಿಗೆ ಬೆರಳಿಟ್ಟು ನೋಡಿದೆ. ಅಂಚೆಲ್ಲ ನುಣ್ಣಗಾಗಿದೆ.

ಆ ಆಗಸ್ಟ್‌ನಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ 8 ದಿನದೊಳಗೆ ಗಂಡನನ್ನೂ 6 ಮಕ್ಕಳನ್ನೂ ಕಳೆದುಕೊಂಡು, ತಾನೇ ಮಣ್ಣು ಮಾಡಿದರು. ಮೊಂಪೆಸನ್ ದಂಪತಿ ಮಕ್ಕಳನ್ನು ಮೊದಲೇ ಬೇರೆ ಕಡೆ ಕಳಿಸಿದ್ದರು. ಆದರೆ ಹೆಂಡತಿ ಕ್ಯಾಥರೀನ್ ಗಂಡನನ್ನು ಬಿಟ್ಟು ಹೋಗಲಿಲ್ಲ. ಅದೇ ತಿಂಗಳು ತೀರಿಕೊಂಡರು. ಅವರ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ. ನವೆಂಬರ್‌ನಲ್ಲಿ ರೋಗ ನಿಲ್ಲುವಷ್ಟರಲ್ಲಿ ಹೋದವರು ಸುಮಾರು 260 ಜನ.

ಚರ್ಚಿನೊಳಗೆ ಕೂತಾಗ ನನಗಾಗಿ ಏನನ್ನೂ ಕೇಳಲು ಬಾಯಿ ಬರಲಿಲ್ಲ. ‘ನಮ್ಮನ್ನು ಕಾಪಾಡು’ ಅಂತ ನಾವು ದಿನಾ ಬೇಡುತ್ತೇವೆ. ಬೇಡುವುದು ತಪ್ಪಲ್ಲ, ಅವರೂ ಬೇಡಿರುತ್ತಾರೆ. ಆದರೆ ‘ನಮ್ಮಿಂದ ಇನ್ನೊಬ್ಬರಿಗೆ ಕೇಡಾಗದಿರಲಿ’ ಅಂತ ನಾನು ಪ್ರಾರ್ಥಿಸಿದ್ದು ಅಪರೂಪ. ಅವತ್ತು ಅದೊಂದನ್ನೇ ಕೇಳಿಕೊಂಡೆ.

ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರ ಅವರ ನೆನಪಿಗೆ ಅದೇ ಬಯಲಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ಆ ಕಡೆ ಇರುವ ನಮ್ಮವರು ಯಾರಾದರೂ ಇದ್ದರೆ ದಯವಿಟ್ಟು ಹೋಗಿ ಬನ್ನಿ. ರೈಲೀ ಸಮಾಧಿಗಳ ಹತ್ತಿರವೂ ಹೋಗಿ. ಹ್ಯಾನ್‌ಕಾಕ್ ಮನೆಯವರು ಮಲಗಿರುವುದು ಅಲ್ಲೇ.